ಕಸುಬುದಾರರೂ ಆದಾಯ ತೆರಿಗೆಯೂ: ಬರೆದಿಟ್ಟ ಖರ್ಚಿಗೆ ಮಾತ್ರ ಬೆಲೆ

2025ರ ಜೂನ್ ತಿಂಗಳು. ಶಾಲೆ ತೆರೆದ ಎರಡನೆಯ ವಾರ. ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಿದ್ದ ಮರಗೆಲಸದ ಆಚಾರಿಯೊಬ್ಬರು ಕೆಲಸ ಮುಗಿದ ಮೇಲೂ ಜಗಲಿಯಲ್ಲೇ ನಿಂತಿದ್ದರು. ಮಳೆ ಬಿಡಲೆಂದು ಕಾಯುತ್ತಿರಬೇಕೆಂದು ನಾವು ತಿಳಿದೆವು. ಸ್ವಲ್ಪ ಹೊತ್ತಿನ ಮೇಲೆ ಅವರು ಅಂಗಿಯೊಳಗಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು, "ಮಾಷ್ಟ್ರೇ, ಇದು ಎಂಥದ್ದೂಂತ ಒಮ್ಮೆ ಓದಿ ಹೇಳಬಹುದಾ? ಮನೆಯಲ್ಲಿ ಯಾರಿಗೂ ತೋರಿಸಿದ್ದಿಲ್ಲ" ಎಂದರು.

ಒಳಗೆ ಹನ್ನೆರಡು ಕಾಗದಗಳಿದ್ದವು. ವರ್ಷಕ್ಕೆ ನಾಲ್ಕರಂತೆ ಮೂರು ವರ್ಷದವು. ಎಲ್ಲವೂ ಇಂಗ್ಲಿಷಿನಲ್ಲಿ. ಆದಾಯ ತೆರಿಗೆ ಎಂಬ ಶಬ್ದವನ್ನು ಮಗಳು ಎಲ್ಲೋ ಓದಿ ಹೇಳಿದ್ದರಿಂದ ಇವು ಸರಕಾರದ ನೋಟೀಸುಗಳು, ತಾನು ಯಾವುದೋ ಬಾಕಿ ಕಟ್ಟಬೇಕಾಗಿದೆ ಎಂದು ಅವರು ಹೆದರಿ, ಮರದ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದರು.

ಓದಿ ನೋಡಿದಾಗ ಸಂಗತಿ ಪೂರಾ ತಿರುವುಮುರುವಾಗಿತ್ತು. ಅವರು ಕೆಲಸ ಮಾಡಿಕೊಡುತ್ತಿದ್ದ ಕಟ್ಟಡ ಗುತ್ತಿಗೆದಾರನು ಅವರಿಗೆ ಹಣ ಪಾವತಿ ಮಾಡುವಾಗ ನೂರಕ್ಕೆ ಒಂದರಂತೆ ಮುರಿದುಕೊಂಡು, ಅದನ್ನು ಅವರ ಹೆಸರಿನಲ್ಲೇ ಸರಕಾರಕ್ಕೆ ಕಟ್ಟಿದ್ದನು. ಆ ಕಾಗದಗಳು ಅದರ ಪ್ರಮಾಣ ಪತ್ರಗಳು. ಒಂದು ವರ್ಷ 4,100 ರೂಪಾಯಿ, ಮುಂದಿನ ವರ್ಷ 3,900, ಮೂರನೆಯ ವರ್ಷ 4,400. ಒಟ್ಟು 12,400 ರೂಪಾಯಿ. ಅವರು ಕೊಡಬೇಕಾದ ಹಣವಲ್ಲ, ಅವರಿಗೆ ಬರಬೇಕಾದ ಹಣ. ತನ್ನದೇ ದುಡ್ಡಿನ ರಶೀದಿಗೆ ಹೆದರಿ ಒಬ್ಬ ದುಡಿಯುವ ಮನುಷ್ಯ ಮೂರು ವರ್ಷ ನಿದ್ದೆಗೆಟ್ಟಿದ್ದನು.

ನಾವು ಲೆಕ್ಕ ಪರಿಶೋಧಕರಲ್ಲ. ಮಕ್ಕಳಿಗೆ ಲಾಭ ನಷ್ಟ, ಸರಳ ಬಡ್ಡಿ ಹೇಳಿಕೊಡುವವರು. ಆದರೆ ಗಡಿನಾಡಿನ ಕನ್ನಡ ಶಾಲೆಯ ಅಧ್ಯಾಪಕರೆಂದರೆ ಸುತ್ತಿನ ಮನೆಗಳಿಗೆ ಅರ್ಜಿ ಬರೆಯುವವರೂ ಹೌದು, ಬಂದ ಕಾಗದ ಓದಿ ಹೇಳುವವರೂ ಹೌದು. ಆ ದಿನದ ನಂತರ ಈ ವಿಷಯವನ್ನು ತಿಳಿದವರಲ್ಲಿ ಕೇಳಿ, ಕಾಯಿದೆಯನ್ನು ಓದಿ, ನಮ್ಮ ಬಡಗಿ, ದರ್ಜಿ, ಮೇಸ್ತ್ರಿ, ರಿಕ್ಷಾ ಚಾಲಕ, ವಿದ್ಯುತ್ ಕೆಲಸದವರು, ಚಿಕ್ಕ ಅಂಗಡಿಯವರು ಇವರಿಗೆಲ್ಲ ಉಪಯೋಗವಾಗುವಷ್ಟನ್ನು ಇಲ್ಲಿ ಕನ್ನಡದಲ್ಲಿ ಹೇಳಲು ಪ್ರಯತ್ನಿಸಿದ್ದೇವೆ.

ತೆರಿಗೆ ಯಾವುದರ ಮೇಲೆ?

ಮೊದಲು ತಿಳಿಯಬೇಕಾದ ಮಾತು ಒಂದೇ. ಆದಾಯ ತೆರಿಗೆಯು ಕೈಗೆ ಬಂದ ಹಣದ ಮೇಲಲ್ಲ, ಉಳಿದ ಲಾಭದ ಮೇಲೆ. ಸಂಬಳದಾರನಿಗೆ ಬಂದದ್ದೇ ಆದಾಯ. ಕಸುಬುದಾರನಿಗೆ ಹಾಗಲ್ಲ. ಅವನ ಕೈಗೆ ಬಂದ ನೂರರಲ್ಲಿ ಮರದವನಿಗೆ ಎಷ್ಟು, ಸಹಾಯಕನಿಗೆ ಎಷ್ಟು, ಬಾಡಿಗೆಗೆ ಎಷ್ಟು ಎಂದು ಕಳೆದು ಉಳಿದದ್ದು ಮಾತ್ರ ಅವನ ಆದಾಯ. ಹೀಗೆ ಕಳೆಯುವುದಕ್ಕೇ ಕಾಯಿದೆಯ ಭಾಷೆಯಲ್ಲಿ ವಜಾ ಎಂದು ಹೆಸರು. ಇದು ಸರಕಾರ ತೋರಿಸುವ ದಯೆಯಲ್ಲ, ಲಾಭವನ್ನು ಲೆಕ್ಕ ಹಾಕುವ ಕ್ರಮ.

1961ರ ಆದಾಯ ತೆರಿಗೆ ಕಾಯಿದೆಯ 30ರಿಂದ 37ರ ವರೆಗಿನ ಕಲಮುಗಳು ಈ ವಜಾಗಳನ್ನು ಹೇಳುತ್ತವೆ. 2025-26ರ ವರ್ಷದ ಆದಾಯಕ್ಕೆ ಅನ್ವಯಿಸುವುದು ಇದೇ ಕಾಯಿದೆ. 2026ರ ಏಪ್ರಿಲ್ 1ರಿಂದ ಅದರ ಸ್ಥಾನದಲ್ಲಿ 2025ರ ಹೊಸ ಆದಾಯ ತೆರಿಗೆ ಕಾಯಿದೆ. ಅದರಲ್ಲಿ ಕಲಮುಗಳ ಸಂಖ್ಯೆ ಬೇರೆಯಾದರೂ ಚಿಕ್ಕ ಕಸುಬುದಾರನಿಗೆ ಸಂಬಂಧಿಸಿದ ಮೂಲ ತತ್ತ್ವ ಹಳೆಯದೇ.

ಯಾವ ಯಾವ ಖರ್ಚುಗಳನ್ನು ಕಳೆಯಬಹುದು? ಕೆಲಸದ ಶೆಡ್ಡು ಅಥವಾ ಅಂಗಡಿಯ ಬಾಡಿಗೆ; ಅದರ ರಿಪೇರಿ, ವಿಮೆ; ಕಚ್ಚಾ ಸಾಮಾನಿನ ಕ್ರಯ; ಕೆಲಸದವರ ಕೂಲಿ; ವಿದ್ಯುತ್ತಿನ ಬಿಲ್ಲು; ಸಾಮಾನು ಸಾಗಿಸಿದ ಬಾಡಿಗೆ; ಹತ್ಯಾರು, ಯಂತ್ರಗಳ ರಿಪೇರಿ; ಕಸುಬಿಗಾಗಿ ಮಾಡಿದ ಸಾಲದ ಬಡ್ಡಿ; ಪಂಚಾಯತಿಗೋ ನಗರಸಭೆಗೋ ಕಟ್ಟಿದ ಲೈಸೆನ್ಸು ಶುಲ್ಕ ಮತ್ತು ವೃತ್ತಿ ತೆರಿಗೆ. ನಮ್ಮ ಕೇರಳದಲ್ಲಿ ವೃತ್ತಿ ತೆರಿಗೆಯನ್ನು ಸ್ಥಳೀಯ ಸಂಸ್ಥೆಗಳು ಅರ್ಧ ವರ್ಷಕ್ಕೊಮ್ಮೆ ವಸೂಲು ಮಾಡುತ್ತವೆ. ಆ ರಶೀದಿಯನ್ನು ಗೋಡೆಯ ಮೊಳೆಗೆ ಚುಚ್ಚಿ ಮರೆಯುವವರೇ ಹೆಚ್ಚು. ಅದೂ ಒಂದು ವಜಾ. ಲೆಕ್ಕ ಬರೆಯುವವರಿಗೆ, ರಿಟರ್ನು ತುಂಬಿಸಿಕೊಡುವವರಿಗೆ ಕೊಟ್ಟ ಶುಲ್ಕವೂ ವಜಾ.

ಇವುಗಳ ಹೊರತಾಗಿ ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಇದೆ. ಅದು ಸವಕಳಿ. 80,000 ರೂಪಾಯಿ ಕೊಟ್ಟು ಕೊಯ್ಯುವ ಯಂತ್ರ ತಂದರೆ ಆ 80,000ವನ್ನು ಆ ವರ್ಷದ ಖರ್ಚೆಂದು ಬರೆಯುವಂತಿಲ್ಲ, ಏಕೆಂದರೆ ಯಂತ್ರ ಹಲವು ವರ್ಷ ಬಾಳುತ್ತದೆ. ಅದರ ಬದಲು ಯಂತ್ರಕ್ಕೆ ನೂರಕ್ಕೆ 15ರಂತೆ, ಪೀಠೋಪಕರಣಕ್ಕೆ ನೂರಕ್ಕೆ 10ರಂತೆ, ಕಂಪ್ಯೂಟರಿಗೆ ನೂರಕ್ಕೆ 40ರಂತೆ ವರ್ಷ ವರ್ಷವೂ ಸವೆದುಹೋದುದೆಂದು ಕಳೆಯಬಹುದು. 80,000ದ ಯಂತ್ರಕ್ಕೆ ಮೊದಲ ವರ್ಷ 12,000. ಎರಡನೆಯ ವರ್ಷ ಉಳಿದ 68,000ಕ್ಕೆ 10,200. ತಂದ ವರ್ಷ 180 ದಿನಕ್ಕಿಂತ ಕಡಿಮೆ ಉಪಯೋಗಿಸಿದ್ದರೆ ಮೊದಲ ವರ್ಷದ ಮೊತ್ತ ಅರ್ಧ ಮಾತ್ರ.

ಯಾವುದಕ್ಕೆ ವಜಾ ಇಲ್ಲ?

ಕಾಯಿದೆಯ ಕಟ್ಟಪ್ಪಣೆ ಏನೆಂದರೆ ಖರ್ಚು ಪೂರ್ತಿಯಾಗಿ ಕಸುಬಿಗಾಗಿಯೇ ಆಗಿರಬೇಕು. ಮನೆಯ ಅಕ್ಕಿ, ಮಕ್ಕಳ ಫೀಸು, ಮದುವೆಯ ಖರ್ಚು ಇದರಲ್ಲಿ ಬಾರದು. ತನಗೆ ತಾನೇ ಸಂಬಳ ಬರೆದುಕೊಳ್ಳುವಂತೆಯೂ ಇಲ್ಲ. ಯಜಮಾನನ ದುಡಿಮೆಯ ಫಲವೇ ಲಾಭ. ಪೋಲೀಸರಿಗೆ ಕಟ್ಟಿದ ದಂಡ ಖರ್ಚಲ್ಲ. ಮನೆಗೂ ಕಸುಬಿಗೂ ಒಂದೇ ದೂರವಾಣಿ, ಒಂದೇ ಸ್ಕೂಟರು ಇದ್ದರೆ ಕಸುಬಿಗೆ ಎಷ್ಟು ಪಾಲೋ ಅಷ್ಟನ್ನು ಮಾತ್ರ ನ್ಯಾಯವಾಗಿ ತೆಗೆಯಬೇಕು. ಮನೆಯ ಚಾವಡಿಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು ಸ್ವಂತ ಮನೆಗೆ ಬಾಡಿಗೆ ಬರೆಯುವಂತಿಲ್ಲ; ಬಾಡಿಗೆ ಮನೆಯಾದರೆ ಆ ಕೋಣೆಯ ಪಾಲನ್ನು ತೆಗೆಯಬಹುದು.

ಇನ್ನೊಂದು ನಿಯಮವನ್ನು ನಮ್ಮವರು ತಿಳಿಯದೆ ಮುರಿಯುತ್ತಾರೆ. ಒಬ್ಬನೇ ವ್ಯಕ್ತಿಗೆ ಒಂದೇ ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆ ಖರ್ಚಿಗೆ ವಜಾ ಸಿಗುವುದಿಲ್ಲ. ಮಂಗಳೂರಿಗೆ ಹೋಗಿ ಪ್ಲೈವುಡ್ ಅಂಗಡಿಯಲ್ಲಿ 14,000 ರೂಪಾಯಿಯ ನೋಟು ಎಣಿಸಿ ಕೊಟ್ಟು ಬಂದರೆ, ಬಿಲ್ಲು ಇದ್ದರೂ, ಹೆಚ್ಚಿನ 4,000 ಮಾತ್ರವಲ್ಲ, 14,000ವೂ ಹೋಯಿತು. ಅದನ್ನೇ ಚೆಕ್ಕಿನಿಂದಲೋ ಫೋನಿನ ಮೂಲಕ ಬ್ಯಾಂಕಿನಿಂದಲೋ ಕೊಟ್ಟರೆ ತೊಂದರೆಯಿಲ್ಲ. ಲಾರಿ ಬಾಡಿಗೆಗೆ ಈ ಮಿತಿ 35,000. ಯಂತ್ರವನ್ನು 10,000ಕ್ಕಿಂತ ಹೆಚ್ಚು ನಗದು ಕೊಟ್ಟು ಕೊಂಡರೆ ಅದರ ಸವಕಳಿಯೂ ಕೈತಪ್ಪುತ್ತದೆ.

ಒಂದು ವರ್ಷದ ಲೆಕ್ಕ

ತರಗತಿಯಲ್ಲಿ ಮಾಡುವಂತೆ ಒಂದು ಉದಾಹರಣೆಯ ಲೆಕ್ಕ ಮಾಡೋಣ. ಒಬ್ಬ ಬಡಗಿಗೆ ವರ್ಷದಲ್ಲಿ ಬಂದ ಹಣ ಒಟ್ಟು 9,60,000 ರೂಪಾಯಿ. "ಒಂಬತ್ತೂವರೆ ಲಕ್ಷ ಬಂದಿದೆಯಂತೆ" ಎಂದು ಊರವರು ಬೆರಗಾಗಬಹುದು. ಈಗ ಖರ್ಚು ನೋಡಿ. ಮರ, ಪ್ಲೈವುಡ್, ಮೊಳೆ, ತಿರುಗಣೆ, ಅಂಟು ಸೇರಿ 4,10,000. ಸಹಾಯಕನ ಕೂಲಿ 1,80,000. ಶೆಡ್ಡಿನ ಬಾಡಿಗೆ 36,000. ವಿದ್ಯುತ್ತು 18,000. ಸಾಗಾಟ 24,000. ಗರಗಸಕ್ಕೆ ಹರಿತ ಹಾಕಿಸಿದ್ದು, ರಿಪೇರಿ 12,000. ದೂರವಾಣಿಯಲ್ಲಿ ಕಸುಬಿನ ಪಾಲು 3,000. ಲೈಸೆನ್ಸು ಮತ್ತು ವೃತ್ತಿ ತೆರಿಗೆ 3,000. ಸಾಲದ ಬಡ್ಡಿ 8,000. ಯಂತ್ರದ ಸವಕಳಿ 12,000. ಕೂಡಿದರೆ 7,06,000. ಬಂದದ್ದರಿಂದ ಇದನ್ನು ಕಳೆದರೆ ಉಳಿದ ಲಾಭ 2,54,000 ರೂಪಾಯಿ.

ಈ ಮನುಷ್ಯನು ತೆರಿಗೆಯ ಬಾಗಿಲಿನ ಹತ್ತಿರವೂ ಇಲ್ಲ. ಅವನ ಹೆಸರಿನಲ್ಲಿ ಯಾರಾದರೂ ಮುರಿದು ಕಟ್ಟಿದ್ದರೆ ಅದು ಪೂರ್ತಿ ಅವನಿಗೆ ಹಿಂದೆ ಬರಬೇಕು. ಆದರೆ ಖರ್ಚಿನ ಒಂದು ಚೀಟಿಯೂ ಇಲ್ಲದೆ ಬ್ಯಾಂಕಿನ ಪುಸ್ತಕ ಮಾತ್ರ ಇದ್ದರೆ, ಕೇಳುವವರಿಗೆ ಕಾಣುವುದು 9,60,000. ಉಳಿದದ್ದನ್ನು ಬಾಯಲ್ಲಿ ಹೇಳಬೇಕು. ಬಾಯಿ ಮಾತಿಗೆ ಕಚೇರಿಯಲ್ಲಿ ತೂಕ ಕಡಿಮೆ.

ಪುಸ್ತಕ ಇಲ್ಲದವರಿಗೆ ನೂರಕ್ಕೆ ಎಂಟು

ಪ್ರತಿಯೊಬ್ಬ ಚಿಕ್ಕ ವ್ಯಾಪಾರಿಯೂ ಲೆಕ್ಕ ಪುಸ್ತಕವನ್ನು ಶಾಸ್ತ್ರೋಕ್ತವಾಗಿ ಇಡಲಾರನೆಂದು ಕಾಯಿದೆಗೂ ಗೊತ್ತು. ಆದ್ದರಿಂದ 1961ರ ಕಾಯಿದೆಯ 44ಎಡಿ ಕಲಮಿನಲ್ಲಿ ಅಂದಾಜು ಆದಾಯದ ದಾರಿಯೊಂದಿದೆ. ವರ್ಷದ ವಹಿವಾಟು 2 ಕೋಟಿ ರೂಪಾಯಿ ಮೀರದವರು, ನಗದಾಗಿ ಬಂದದ್ದು ನೂರಕ್ಕೆ 5ರೊಳಗಿದ್ದರೆ 3 ಕೋಟಿ ಮೀರದವರು, ವಹಿವಾಟಿನ ನೂರಕ್ಕೆ 8ನ್ನು ಲಾಭವೆಂದು ತೋರಿಸಬಹುದು. ಬ್ಯಾಂಕಿನ ಮೂಲಕ, ಚೆಕ್ಕಿನಿಂದ, ಯುಪಿಐಯಿಂದ ಬಂದ ಹಣಕ್ಕೆ ನೂರಕ್ಕೆ 6 ಸಾಕು. ಅಂಗಡಿಯ ಮುಂದೆ ಅಂಟಿಸಿದ ಕಪ್ಪು ಬಿಳಿ ಚೌಕದ ಚೀಟಿಗೆ ಹೆದರುವವರು ಈ ಮಾತನ್ನು ಗಮನಿಸಬೇಕು. ಅದರ ಮೂಲಕ ಬಂದ ಹಣಕ್ಕೆ ಲಾಭದ ಅಂದಾಜು ಕಡಿಮೆಯೇ ಹೊರತು ಹೆಚ್ಚಲ್ಲ.

ಈ ದಾರಿ ಹಿಡಿದವರಿಗೆ ಪುಸ್ತಕ ಇಡುವ ಕಡ್ಡಾಯವಿಲ್ಲ. ಎಲ್ಲ ಖರ್ಚೂ ಸವಕಳಿಯೂ ಅದರೊಳಗೇ ಕಳೆದಂತೆ ಲೆಕ್ಕ, ಮತ್ತೆ ಪ್ರತ್ಯೇಕ ವಜಾ ಕೇಳುವಂತಿಲ್ಲ. ತೆರಿಗೆ ಬರುವುದಿದ್ದರೆ ಮುಂಗಡವನ್ನು ನಾಲ್ಕು ಕಂತಿನ ಬದಲು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರೆ ಸಾಕು. ನಮೂನೆಯೂ ಚಿಕ್ಕದು. ಅದಕ್ಕೆ ಐಟಿಆರ್ 4, ಸುಗಮ ಎಂದು ಹೆಸರು.

ಆದರೆ ಮೂರು ಎಚ್ಚರಿಕೆಗಳು. ಒಂದು, ನೂರಕ್ಕೆ 8 ಎಂಬುದು ಕನಿಷ್ಠ. ನಿಜವಾಗಿ ಹೆಚ್ಚು ಉಳಿದಿದ್ದರೆ ಹೆಚ್ಚನ್ನೇ ತೋರಿಸುವುದು ಧರ್ಮ. ಮೇಲಿನ ಬಡಗಿಯ ವಹಿವಾಟಿಗೆ ನೂರಕ್ಕೆ 8 ಎಂದರೆ 76,800 ರೂಪಾಯಿ ಮಾತ್ರ. ವರ್ಷವಿಡೀ 76,800ರಲ್ಲಿ ಸಂಸಾರ ನಡೆಸಿದೆನೆಂದು ಬರೆದುಕೊಟ್ಟವನಿಗೆ ಬ್ಯಾಂಕಿನವರು ಸಾಲ ಕೊಡುವುದಾದರೂ ಹೇಗೆ? ಅವನು 2,54,000 ಎಂದೇ ತೋರಿಸಿದರೂ ತೆರಿಗೆ ಸೊನ್ನೆ, ಮಾನವೂ ಉಳಿಯಿತು. ಎರಡು, ಕಮಿಷನ್ ಮೇಲೆ ದುಡಿಯುವವರಿಗೆ ಈ ದಾರಿ ಇಲ್ಲ. ಪಿಗ್ಮಿ ಸಂಗ್ರಾಹಕರು, ವಿಮಾ ಏಜೆಂಟರು, ದಲ್ಲಾಳಿಗಳು ತಮ್ಮ ನಿಜ ಖರ್ಚನ್ನೇ ಬರೆದು ಕಳೆಯಬೇಕು. ಬಾಡಿಗೆಗೆ ಸರಕು ಸಾಗಿಸುವ ಟೆಂಪೋದವರಿಗೆ 44ಎಇ ಎಂಬ ಬೇರೆ ಕಲಮು; ಚಿಕ್ಕ ಸರಕು ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಲಾಭವೆಂದು ಅಂದಾಜು. ಪ್ರಯಾಣಿಕರ ರಿಕ್ಷಾ ಇದರಲ್ಲಿ ಬಾರದು, ಅದು 44ಎಡಿಯಲ್ಲೇ. ಮೂರು, ನಮ್ಮ ಕಡೆ ಕಸುಬಿನ ಜೊತೆಗೆ ಹತ್ತಿಪ್ಪತ್ತು ಸೆಂಟ್ಸಾದರೂ ಅಡಿಕೆ ತೋಟ ಇರುವವರು ಬಹಳ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಅದು ವರ್ಷಕ್ಕೆ 5,000 ರೂಪಾಯಿ ಮೀರಿದರೆ ಸುಗಮ ನಮೂನೆ ನಡೆಯದು, ಐಟಿಆರ್ 3 ತುಂಬಿಸಬೇಕು. ತೋಟದ ವಿಷಯ ಮುಚ್ಚಿಟ್ಟು ಸುಲಭದ ನಮೂನೆ ಹಾಕುವುದು ಸರಿಯಲ್ಲ.

ಹೊಸ ಪದ್ಧತಿಯ ಬಗ್ಗೆ ಒಂದು ತಪ್ಪು ತಿಳುವಳಿಕೆ

"ಹೊಸ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲವಂತೆ, ಹಾಗಾದರೆ ಬಿಲ್ಲು ಇಟ್ಟು ಏನು ಪ್ರಯೋಜನ?" ಎಂದು ಬದಿಯಡ್ಕದ ಬಸ್ಸಿನಲ್ಲಿ ಒಬ್ಬರು ನಮ್ಮಲ್ಲಿ ಕೇಳಿದರು. ಈ ಮಾತು ಅರ್ಧ ಸತ್ಯ. ಹೊಸ ಪದ್ಧತಿಯಲ್ಲಿ ಇಲ್ಲದಿರುವುದು ಜೀವವಿಮೆ, ಭವಿಷ್ಯ ನಿಧಿ, ಆರೋಗ್ಯ ವಿಮೆಯಂಥ ಉಳಿತಾಯದ ರಿಯಾಯಿತಿಗಳು. ಕಸುಬಿನ ಖರ್ಚಾದ ಬಾಡಿಗೆ, ಕೂಲಿ, ಬಡ್ಡಿ, ಸಾಧಾರಣ ಸವಕಳಿ ಎರಡೂ ಪದ್ಧತಿಗಳಲ್ಲಿ ಇವೆ. ಆದ್ದರಿಂದ "ತೆರಿಗೆ ಉಳಿಯುತ್ತದೆ" ಎಂದು ಹೇಳಿ ಯಾರಾದರೂ ಪಾಲಿಸಿ ಮಾರಲು ಬಂದರೆ, ತಾವು ಯಾವ ಪದ್ಧತಿಯಲ್ಲಿದ್ದೀರೆಂದು ಮೊದಲು ನೋಡಿಕೊಳ್ಳಿ. ವಿಮೆ ಒಳ್ಳೆಯದೇ, ಆದರೆ ಇಲ್ಲದ ತೆರಿಗೆಯನ್ನು ಉಳಿಸುವುದಕ್ಕಾಗಿ ಅಲ್ಲ.

2025-26ರ ವರ್ಷದ ಆದಾಯಕ್ಕೆ ಹೊಸ ಪದ್ಧತಿಯ ದರ ಹೀಗಿದೆ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. 4ರಿಂದ 8 ಲಕ್ಷದ ವರೆಗೆ ನೂರಕ್ಕೆ 5, 8ರಿಂದ 12 ಲಕ್ಷದ ವರೆಗೆ ನೂರಕ್ಕೆ 10, ಅಲ್ಲಿಂದ 16ರ ವರೆಗೆ 15, ಹೀಗೆ ಏರುತ್ತ 24 ಲಕ್ಷದ ಮೇಲೆ ನೂರಕ್ಕೆ 30. ಆದರೆ ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ, ಲಾಟರಿಯಂಥ ವಿಶೇಷ ದರದ ಆದಾಯಗಳನ್ನು ಬಿಟ್ಟು, ಬರುವ ತೆರಿಗೆಯನ್ನು ಪೂರ್ತಿ ಬಿಟ್ಟುಕೊಡಲಾಗಿದೆ. ಹಳೆಯ ಪದ್ಧತಿಯಲ್ಲಿ ಈ ಬಿಡುಗಡೆ 5 ಲಕ್ಷದ ವರೆಗೆ ಮಾತ್ರ. ಕಸುಬಿನ ಆದಾಯ ಉಳ್ಳವರು ಹಳೆಯ ಪದ್ಧತಿ ಬೇಕೆಂದರೆ ಗಡುವಿನೊಳಗೆ ಪ್ರತ್ಯೇಕ ನಮೂನೆ ಕೊಡಬೇಕು. ಹಾಗೆ ಹೋಗಿ ಒಮ್ಮೆ ಹಿಂತಿರುಗಿದ ಮೇಲೆ, ಕಸುಬು ಇರುವ ತನಕ, ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ.

ದೊಡ್ಡ ಮಟ್ಟದಲ್ಲಿ ಕೆಲಸ ಮಾಡುವವರಿಗೆ ಒಂದು ಚೀಟಿಯ ಬೆಲೆ ಎಷ್ಟೆಂದು ನೋಡಿ. ಲೆಕ್ಕ ಬರೆದು ರಿಟರ್ನು ಸಲ್ಲಿಸುವ ಒಬ್ಬರ ಲಾಭ 12,50,000 ರೂಪಾಯಿ ಎಂದು ಬಂತು. ಆ ವರ್ಷ 60,000 ರೂಪಾಯಿಯ ಸಾಗಾಟದ ಖರ್ಚನ್ನು ಅವರು ಬರೆದಿಡಲು ಮರೆತಿದ್ದರು. ಬರೆದಿದ್ದರೆ ಲಾಭ 11,90,000, ತೆರಿಗೆ ಸೊನ್ನೆ. ಬರೆಯದಿದ್ದುದರಿಂದ 12 ಲಕ್ಷದ ಮೇಲೆ ಹೋದ 50,000 ರೂಪಾಯಿಯೂ ತೆರಿಗೆಯಾಗಿ ಹೋಯಿತು, ಅದರ ಮೇಲೆ ನೂರಕ್ಕೆ 4ರ ಸೆಸ್ಸು 2,000. ಹೀಗೆ 60,000ದ ಚೀಟಿಗಳು ಕಳೆದುಹೋದುದಕ್ಕೆ ತೆತ್ತ ಬೆಲೆ 52,000 ರೂಪಾಯಿ.

ತೆರಿಗೆ ಇಲ್ಲದಿದ್ದರೆ ರಿಟರ್ನು ಯಾಕೆ?

ನಮ್ಮ ಆಚಾರಿಯವರಿಗೆ ಪೇಟೆಯಲ್ಲಿ ಯಾರೋ, "ನಿಮಗೆ ಟ್ಯಾಕ್ಸ್ ಇಲ್ಲ, ರಿಟರ್ನು ಬೇಡ" ಎಂದಿದ್ದರಂತೆ. ಹಿತೋಪದೇಶವೇ, ಆದರೆ ತಪ್ಪು. ಹೊಸ ಪದ್ಧತಿಯಲ್ಲಿ ಆದಾಯ 4 ಲಕ್ಷ ಮೀರಿದರೆ ತೆರಿಗೆ ಬರಲಿ ಬಾರದಿರಲಿ ರಿಟರ್ನು ಸಲ್ಲಿಸಬೇಕು. ವಹಿವಾಟು 60 ಲಕ್ಷ ಮೀರಿದರೂ ಕಡ್ಡಾಯ. 4 ಲಕ್ಷದೊಳಗಿನವರಿಗೆ ಸಾಧಾರಣವಾಗಿ ಕಡ್ಡಾಯವಿಲ್ಲ, ಆದರೆ ಮುರಿದುಕೊಂಡ ಹಣ ಹಿಂದೆ ಬರಬೇಕಾದರೆ ರಿಟರ್ನೊಂದೇ ದಾರಿ.

ಹಣ ಮುರಿಯುವ ಕ್ರಮ ಹೀಗೆ. ಕಂಪೆನಿ, ಪಾಲುದಾರಿಕೆ ಸಂಸ್ಥೆ, ಸಹಕಾರಿ ಸಂಘ, ಪಂಚಾಯತು, ದೊಡ್ಡ ವಹಿವಾಟಿನ ಗುತ್ತಿಗೆದಾರ ಇವರು ಗುತ್ತಿಗೆ ಕೆಲಸದವನಿಗೆ ಒಮ್ಮೆಗೆ 30,000ಕ್ಕಿಂತ ಹೆಚ್ಚು ಅಥವಾ ವರ್ಷಕ್ಕೆ ಒಟ್ಟು 1 ಲಕ್ಷಕ್ಕಿಂತ ಹೆಚ್ಚು ಕೊಡುವಾಗ ನೂರಕ್ಕೆ 1ರಂತೆ ಮುರಿಯಬೇಕು. ಪಾನ್ ಕಾರ್ಡು ಕೊಡದಿದ್ದರೆ ಮುರಿಯುವುದು ನೂರಕ್ಕೆ 20. ಆಧಾರಕ್ಕೆ ಜೋಡಿಸದೆ ನಿಷ್ಕ್ರಿಯವಾದ ಪಾನ್ ಇದ್ದರೂ ಹಾಗೆಯೇ, ಮೇಲಾಗಿ ಹಿಂಪಾವತಿಯೂ ಬಾರದು. ಬಣ್ಣ ಬಳಿಯುವವರು, ಟೈಲ್ಸ್ ಹಾಸುವವರು, ವೈರಿಂಗ್ ಮಾಡುವವರು ತಮ್ಮ ಪಾವತಿಯಲ್ಲಿ ಏನಾದರೂ ಮುರಿದಿದೆಯೇ ಎಂದು ಒಮ್ಮೆ ಕೇಳಬೇಕು. ಮುರಿದದ್ದು ಪಾನ್ ಸಂಖ್ಯೆಯ ಮೇಲೆ ಇಲಾಖೆಯ ಅಂತರ್ಜಾಲದ ಖಾತೆಯಲ್ಲಿ, ಇದುವರೆಗೆ 26ಎಎಸ್ ಎಂದು ಕರೆಯುತ್ತಿದ್ದ ಪಟ್ಟಿಯಲ್ಲಿ, ಕಾಣುತ್ತದೆ. ಮುರಿದು ಕಟ್ಟದೆ ಜೇಬಿಗೆ ಹಾಕಿಕೊಂಡಿದ್ದರೆ ಅದೂ ಅಲ್ಲೇ ಬಯಲಾಗುತ್ತದೆ.

ಗಡುವು ತಪ್ಪಿದರೂ ಆ ಆರ್ಥಿಕ ವರ್ಷ ಮುಗಿದ ಮೇಲಿನ ಡಿಸೆಂಬರ್ 31ರ ವರೆಗೆ ರಿಟರ್ನು ಹಾಕಬಹುದು. ಆದಾಯ 5 ಲಕ್ಷದೊಳಗಿದ್ದರೆ ತಡದ ಶುಲ್ಕ 1,000 ರೂಪಾಯಿ, ಮೀರಿದರೆ 5,000. ತೆರಿಗೆಯ ಆರಂಭ ಮಿತಿಯೊಳಗಿನವರಿಗೆ ಸಾಧಾರಣವಾಗಿ ಶುಲ್ಕವಿಲ್ಲ. ಅದೂ ತಪ್ಪಿದರೆ ಹಿಂಪಾವತಿ ಸುಲಭವಲ್ಲ. ತಡವಾದುದಕ್ಕೆ ಸರಿಯಾದ ಕಾರಣ ತೋರಿಸಿ ಮನ್ನಿಸಬೇಕೆಂದು ಮೇಲಧಿಕಾರಿಗಳಿಗೆ ಅರ್ಜಿ ಕೊಡಬೇಕು; ಇದಕ್ಕೂ ಐದು ವರ್ಷದ ಮಿತಿ ಇದೆ.

ಹಣ ಹಿಂದೆ ಬರುವುದಷ್ಟೇ ಲಾಭವಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕೆ ಸಾಲ ಬೇಕಾದಾಗ, ಯಂತ್ರಕ್ಕೆ ಮುದ್ರಾ ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದು. ಇನ್ನೊಂದನ್ನು ಹೇಳಲು ಮನಸ್ಸು ಬಾರದು, ಆದರೂ ಹೇಳಬೇಕು. ಮಾಡಿನಿಂದ ಬಿದ್ದೋ ರಸ್ತೆಯಲ್ಲೋ ಅಪಘಾತಗಳಾಗುತ್ತವೆ. ವಾಹನ ಅಪಘಾತದ ಪರಿಹಾರ ನಿರ್ಣಯಿಸುವಾಗ ನ್ಯಾಯಾಧಿಕರಣವು ಗಾಯಗೊಂಡವನ ಅಥವಾ ತೀರಿಹೋದವನ ಆದಾಯ ಎಷ್ಟಿತ್ತೆಂದು ಕೇಳುತ್ತದೆ. ಆದಾಯ ತೆರಿಗೆಯ ರಿಟರ್ನು ಅಲ್ಲಿ ಬಲವಾದ ದಾಖಲೆ. ಅದಿಲ್ಲದಿದ್ದರೆ ನುರಿತ ಮೇಸ್ತ್ರಿಯ ದುಡಿಮೆಗೂ ಯಾವುದೋ ಒಂದು ಅಂದಾಜಿನ ಬೆಲೆ ಕಟ್ಟಬೇಕಾಗುತ್ತದೆ. ನಷ್ಟ ಹೆಂಡತಿ ಮಕ್ಕಳಿಗೆ.

ಹೆಸರಿನ ತೊಡಕು

ಗಡಿನಾಡಿನ ಕನ್ನಡಿಗರಿಗೆ ಮಾತ್ರ ಇರುವ ಒಂದು ತೊಂದರೆಯೂ ಇದೆ. ನಮ್ಮ ಹೆಸರು ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ, ಪಡಿತರ ಚೀಟಿಯಲ್ಲಿ ಮಲಯಾಳದಲ್ಲಿ, ಪಾನ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ. ಒಂದು ಕಡೆ ನಾಯ್ಕ, ಇನ್ನೊಂದು ಕಡೆ ನಾಯಕ್. ಒಂದು ಕಡೆ ಮನೆಯ ಹೆಸರು ಮುಂದೆ, ಇನ್ನೊಂದು ಕಡೆ ತಂದೆಯ ಹೆಸರು ಹಿಂದೆ. ಬರೆದ ಗುಮಾಸ್ತರಿಗೆ ಕಿವಿಗೆ ಕೇಳಿದ್ದೇ ಹೆಸರು. ಹಿಂಪಾವತಿ ಬರುವುದು ಪಾನ್‌ಗೆ ಹೊಂದುವ, ಮುಂಚಿತವಾಗಿ ದೃಢೀಕರಿಸಿದ ಬ್ಯಾಂಕು ಖಾತೆಗೆ ಮಾತ್ರ. ಹೆಸರಿನ ಅಕ್ಷರ ಹೊಂದದಿದ್ದರೆ ಮಂಜೂರಾದ ಹಣವೂ ಬಾಗಿಲಿನ ಹೊರಗೇ ನಿಲ್ಲುತ್ತದೆ. ಆಧಾರ, ಪಾನ್, ಬ್ಯಾಂಕು ಈ ಮೂರರಲ್ಲೂ ಇಂಗ್ಲಿಷಿನ ಅಕ್ಷರ ಒಂದೇ ಇದೆಯೇ ಎಂದು ಈ ಭಾನುವಾರವೇ ಮನೆಯ ಮಕ್ಕಳಿಂದ ಓದಿಸಿ ನೋಡಿ.

ರಿಟರ್ನಿನ ನಮೂನೆಯನ್ನು ಇಂಗ್ಲಿಷಿನಲ್ಲಿ ತುಂಬಿಸಲು ಸಹಾಯ ಬೇಕಾದೀತು. ಆದರೆ ಅನ್ಯಾಯವಾಗಿದ್ದರೆ ಅಹವಾಲನ್ನು ಕನ್ನಡದಲ್ಲೇ ಬರೆಯಬಹುದು. ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ.

ಒಂದು ನೋಟು ಪುಸ್ತಕ ಸಾಕು

ಇಷ್ಟೆಲ್ಲ ಹೇಳಿದ ಮೇಲೆ ಮಾಡಬೇಕಾದದ್ದು ಬಹಳ ಕಡಿಮೆ. ಮಕ್ಕಳು ಬರೆಯುವಂಥ 200 ಪುಟದ ಒಂದು ನೋಟು ಪುಸ್ತಕ. ಎಡಗಡೆಯ ಪುಟದಲ್ಲಿ ಜಮಾ, ಬಲಗಡೆಯಲ್ಲಿ ಖರ್ಚು. ರಾತ್ರಿ ಊಟಕ್ಕೆ ಕೂರುವ ಮೊದಲು ಐದು ನಿಮಿಷ. ತಾರೀಕು, ಯಾರಿಂದ ಅಥವಾ ಯಾರಿಗೆ, ಯಾವ ಬಾಬ್ತು, ಎಷ್ಟು, ನಗದೋ ಬ್ಯಾಂಕೋ. ಬಿಲ್ಲುಗಳನ್ನು ತಿಂಗಳಿಗೊಂದು ಲಕೋಟೆಯಲ್ಲಿ ಹಾಕಿಡಿ. ಯಂತ್ರದಿಂದ ಬರುವ ತೆಳು ಕಾಗದದ ಬಿಲ್ಲುಗಳ ಅಕ್ಷರ ಒಂದು ಮಳೆಗಾಲದಲ್ಲೇ ಮಾಸುತ್ತದೆ. ದೊಡ್ಡ ಮೊತ್ತದ್ದಾದರೆ ನಕಲು ತೆಗೆಸಿ. ಬಿಲ್ಲು ಕೊಡದ ಕೂಲಿಯವನಿಂದ ಒಂದು ಚೀಟಿಯಲ್ಲಿ ಸಹಿ ತೆಗೆದುಕೊಳ್ಳಿ. ಕಸುಬಿನ ಹಣಕ್ಕೆ ಬೇರೆಯೇ ಬ್ಯಾಂಕು ಖಾತೆ ಇದ್ದರೆ ಇನ್ನೂ ಲೇಸು. ಇವೆಲ್ಲವನ್ನೂ ಏಳೆಂಟು ವರ್ಷ ಜೋಪಾನವಾಗಿಡಿ.

ಲೆಕ್ಕ ಇಂಥ ಭಾಷೆಯಲ್ಲೇ ಇರಬೇಕೆಂದು ಆದಾಯ ತೆರಿಗೆ ಕಾಯಿದೆ ವಿಧಿಸಿಲ್ಲ. ನಮ್ಮ ಹಿರಿಯರು ಕಿರ್ದಿ, ಖಾತೆಗಳನ್ನು ಕನ್ನಡದಲ್ಲಿ ಬರೆದವರೇ. ವಹಿವಾಟು ದೊಡ್ಡದಾದವರು, ನೋಟೀಸು ಬಂದವರು, ಜಿಎಸ್‌ಟಿಯ ಮಿತಿ ಮೀರಿದವರು ಲೆಕ್ಕ ಪರಿಶೋಧಕರನ್ನು ಕಾಣಲೇಬೇಕು. ಆದರೆ ಅವರ ಬಳಿಗೆ ಖಾಲಿ ಕೈಯಲ್ಲಿ ಹೋದರೆ ಅವರಾದರೂ ಏನು ಮಾಡಿಯಾರು?

ಆಚಾರಿಯವರ ಕಥೆಯನ್ನು ಮುಗಿಸಬೇಕು. 2024-25ರ ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿದ್ದಾಯಿತು. ಬ್ಯಾಂಕಿನ ಪುಸ್ತಕದಲ್ಲಿ ಅವರ ಹೆಸರಿನ ಒಂದು ಅಕ್ಷರ ತಿದ್ದಿಸಲು ಎರಡು ಸಲ ಅಲೆದಾಡಬೇಕಾಯಿತು. ಆಮೇಲೆ 4,400 ರೂಪಾಯಿ ಬಂತು. ಅದರ ಹಿಂದಿನ ಎರಡು ವರ್ಷಗಳ ಅವಧಿ ಮುಗಿದುಹೋಗಿತ್ತು. 8,000 ರೂಪಾಯಿಗೆ ಮನ್ನಣೆಯ ಅರ್ಜಿ ಕೊಟ್ಟಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.

ಮೊನ್ನೆ ಅವರ ಶೆಡ್ಡಿನ ದಾರಿಯಾಗಿ ಹೋದಾಗ ನಾವು ಒಳಗೆ ಹೊಕ್ಕೆವು. ಗೋಡೆಯ ಹಲಗೆಯ ಮೇಲೆ ಹಳದಿ ರಟ್ಟಿನ ನೋಟು ಪುಸ್ತಕ. ತೆರೆದು ನೋಡಿದರೆ ದುಂಡಾದ ಅಕ್ಷರದಲ್ಲಿ, ಮೊಳೆ 140, ಅಂಟು 220, ರಿಕ್ಷಾ 90. "ಇದು ಯಾರ ಬರಹ, ಆಚಾರ್ರೇ?" ಎಂದು ಕೇಳಿದೆವು.

"ಮಗಳದ್ದು, ಮಾಷ್ಟ್ರೇ. ರಾತ್ರಿ ನಾನು ಹೇಳುವುದು, ಅವಳು ಬರೆಯುವುದು. ನಿನ್ನೆ ಹತ್ತು ರೂಪಾಯಿ ಲೆಕ್ಕಕ್ಕೆ ಸಿಗದೆ ನನ್ನನ್ನು ಮಲಗಲಿಕ್ಕೇ ಬಿಡಲಿಲ್ಲ."